ಈ ಯೂನಿಫಾರಂ ಯಾರದು?

ಆ ಊರಿನಲ್ಲಿ ಯಾರ ಮಗು ಯಾವ ಶಾಲೆಗೆ ಸೇರಿತು ಅನ್ನುವುದು ಹೆಡ್‌ಮಾಸ್ತರರಿಗಿಂತ ಮೊದಲು ಟೈಲರ್‌ಗೆ ಗೊತ್ತಾಗುತ್ತಿತ್ತು. ಗುಡ್ಡದ ಮೇಲಿನ ಖಾಸಗಿ ಶಾಲೆಯದು ಮರೂನ್ ಕೋಟು, ಮೈತುಂಬ ನೆರಿಗೆಯ ಸ್ಕರ್ಟು. ಸರ್ಕಾರಿ ಹೈಸ್ಕೂಲಿನದು ಬಿಳಿ ಷರ್ಟು, ಕಡುಹಸಿರು ಸ್ಕರ್ಟು, ಅಷ್ಟೇ. ಗುಡ್ಡದ ಶಾಲೆಯ ತಾಯಂದಿರು "ಮೈಗೆ ಕರೆಕ್ಟಾಗಿ ಕೂರಬೇಕು" ಅನ್ನುತ್ತಿದ್ದರು. ಸರ್ಕಾರಿ ಶಾಲೆಯವರು "ಒಳಗೆ ಜಾಸ್ತಿ ಬಟ್ಟೆ ಬಿಡಿ, ಮಗು ಬೆಳೆಯುತ್ತೆ" ಅನ್ನುತ್ತಿದ್ದರು. ಗಿರಾಕಿ ಬಾಯಿ ತೆಗೆದ ಕೂಡಲೇ ಯಾವ ಬಣ್ಣದ ದಾರ ಏರಿಸಬೇಕು ಅಂತ ಅವನ ಕೈಗೆ ತಿಳಿದುಹೋಗುತ್ತಿತ್ತು.

ಜನ ಅವನನ್ನು ಕರೆಯುತ್ತಿದ್ದದ್ದು ನಾಳೆ ಟೈಲರ್ ಅಂತ. ಯಾವಾಗ ಕೇಳಿದರೂ ಬಟ್ಟೆ ನಾಳೆಯೇ ಸಿಗುತ್ತಿದ್ದದ್ದು ಇದಕ್ಕೆ ಕಾರಣ. ಮನುಷ್ಯ ಒಳ್ಳೆಯವನು, ಕೈ ಶುದ್ಧ, ಅಳತೆ ತಪ್ಪಿದವನಲ್ಲ. ಆದರೆ ಗಿರಾಕಿಗಳ ಮುಂದೆ ಅವನ ಬೆನ್ನು ತನ್ನಷ್ಟಕ್ಕೆ ಬಗ್ಗುತ್ತಿತ್ತು. ಕಾರಿನಲ್ಲಿ ಬಂದವರ ಮುಂದೆ ಇನ್ನೂ ಸ್ವಲ್ಪ ಜಾಸ್ತಿ.

ಆ ವರ್ಷ ಅವನ ಒಬ್ಬಳೇ ಮಗಳು ಹೈಸ್ಕೂಲಿಗೆ ಕಾಲಿಡಬೇಕಿತ್ತು. ಗಂಡ, ಹೆಂಡತಿ, ಮಗಳು ಮೂವರೂ ಎರಡು ಶಾಲೆಗಳನ್ನೂ ನೋಡಿ ಬಂದರು. ಗುಡ್ಡದ ಶಾಲೆಯಲ್ಲಿ ತಣ್ಣನೆಯ ಕೋಣೆಯೊಳಗೆ ಕೂರಿಸಿ, ಈಜುಕೊಳದ ಫೋಟೊ ತೋರಿಸಿ, ಅಪ್ಪನ ಜೊತೆ ಅರ್ಧ ಗಂಟೆ ಮಾತಾಡಿದರು. ಓದಬೇಕಾದ ಹುಡುಗಿಯನ್ನು ಮಾತ್ರ ಯಾರೂ ಒಂದು ಮಾತು ಕೇಳಲಿಲ್ಲ. ಸರ್ಕಾರಿ ಹೈಸ್ಕೂಲಿನ ಗೋಡೆ ಸುಣ್ಣ ಕಂಡು ಯಾವ ಕಾಲವಾಗಿತ್ತೋ. ಲ್ಯಾಬಿನಲ್ಲಿ ಒಂದು ಬೆಂಚಿನ ಕಾಲಿಗೆ ಹಗ್ಗ ಸುತ್ತಿತ್ತು. ಅಲ್ಲಿ ಗಾಜಿನ ನಳಿಗೆ ತೊಳೆಯುತ್ತಿದ್ದ ವಿಜ್ಞಾನದ ಟೀಚರು ಕೈ ಒರೆಸಿಕೊಂಡು, ಮಗಳನ್ನು ಕರೆದು, ಎಲೆಯ ಸಿಪ್ಪೆಯೊಂದನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು, "ಏನು ಕಾಣುತ್ತೆ, ನೀನೇ ಹೇಳು" ಅಂದರು. ಅವಳು ಹೇಳುವವರೆಗೂ ಕಾದರು.

"ಅಪ್ಪಾ, ಎಲೆಗೂ ಬಾಯಿಗಳಿವೆ! ಸಣ್ಣ ಸಣ್ಣವು. ಬಾ, ನೋಡು" ಅಂದಳು ಮಗಳು. ಟೈಲರ್ ಬಗ್ಗಿ ನೋಡಿದ. ಅವನಿಗೆ ಕಂಡದ್ದು ತನ್ನದೇ ರೆಪ್ಪೆಯ ಕೂದಲು. ಆದರೂ ಮಗಳ ಮುಖ ಅವನಿಗೆ ಚೆನ್ನಾಗಿ ಕಂಡಿತು. ಮನೆಗೆ ಬರುವ ದಾರಿಯಲ್ಲಿ "ಇಲ್ಲೇ ಸೇರಿಸೋಣ" ಅಂತ ಮೊದಲು ಬಾಯಿಬಿಟ್ಟವನು ಅವನೇ. ಹೆಂಡತಿ ಆಸ್ಪತ್ರೆಯ ನರ್ಸು, ಸುಮ್ಮಸುಮ್ಮನೆ ಹೊಗಳುವವಳಲ್ಲ. ಅವಳೂ "ಇವತ್ತು ಒಂದು ಒಳ್ಳೆ ಮಾತಾಡಿದ್ರಿ, ರೀ" ಅಂದಳು.

ಮನೆಯೊಳಗೆ ಇದ್ದ ಈ ಧೈರ್ಯ ಬೆಳಗ್ಗೆ ಅಂಗಡಿಯ ಬಾಗಿಲು ತೆಗೆಯುವ ಹೊತ್ತಿಗೆ ಎಲ್ಲಿ ಹೋಯಿತೋ. "ಮಗಳನ್ನ ಎಲ್ಲಿಗೆ ಹಾಕಿದ್ರಿ?" ಅಂತ ಯಾರಾದರೂ ಕೇಳಿದರೆ ಸಾಕು, ಟೈಲರ್ ಗಬಕ್ಕನೆ ನಾಲ್ಕು ಗುಂಡುಸೂಜಿ ತೆಗೆದು ತುಟಿಗಳ ಮಧ್ಯೆ ಸಿಕ್ಕಿಸಿಕೊಳ್ಳುತ್ತಿದ್ದ. ಬಾಯಲ್ಲಿ ಸೂಜಿ ಇರುವವನಿಂದ ಯಾರೂ ಉತ್ತರ ಬಯಸುವುದಿಲ್ಲ. ಸರ್ಕಾರಿ ಶಾಲೆ ಅಂದರೆ ಕೈಲಾಗದವನು ಅಂದುಕೊಂಡಾರು, ಅಂಗಡಿ ಸರಿಯಾಗಿ ನಡೆಯುತ್ತಿಲ್ಲ ಅಂದುಕೊಂಡಾರು ಅನ್ನುವ ಅಳುಕು. ಅಳುಕು ಅನ್ನುವುದು ಮರ್ಯಾದೆಯ ಮಾತಾಯಿತು. ಅಸಲಿಗೆ ಅದು ಡೌಲು.

ಬ್ಯಾಂಕಿನ ಮೇಡಂ ಬಂದ ದಿನವೂ ಅವನ ಬಾಯ್ತುಂಬ ಸೂಜಿಯಿತ್ತು. ಅವರ ಮಗ ಗುಡ್ಡದ ಶಾಲೆಯವನು. ಮೇಜಿನ ಮೇಲೆ ಯಾರದೋ ಮರೂನ್ ಸ್ಕರ್ಟು ಹರಡಿತ್ತು. "ನಿಮ್ಮ ಮಗಳೂ ಈ ವರ್ಷ ಹೈಸ್ಕೂಲ್ ಅಲ್ವಾ? ಇದು ಅವಳದೇ ತಾನೇ? ಒಳ್ಳೇದಾಯ್ತು ಬಿಡಿ, ನಮ್ಮ ಹುಡುಗನಿಗೆ ಜೊತೆಯಾಯ್ತು" ಅಂದರು. ಟೈಲರ್ ತಲೆಯಾಡಿಸಿದ. ಹೌದು ಅಂತಲೂ ಅಲ್ಲ, ಇಲ್ಲ ಅಂತಲೂ ಅಲ್ಲ, ಮಧ್ಯೆ ಒಂದು ಥರ. ಮೇಡಂ ಅದನ್ನು ಹೌದು ಅಂತಲೇ ತೆಗೆದುಕೊಂಡರು. ಅವರು ತಪ್ಪು ತಿಳಿದುಕೊಂಡದ್ದು ಅವನಿಗೆ ಗೊತ್ತಾಯಿತು. ಗೊತ್ತಾಗಿಯೂ ಸುಮ್ಮನಿದ್ದ. ಒಳಗೊಳಗೇ ಖುಷಿಯಾಯಿತು ಅನ್ನುವುದನ್ನೂ ಹೇಳಿಬಿಡಬೇಕು.

ಮಗಳ ಹಸಿರು ಯೂನಿಫಾರಂ ಅವನು ಹೊಲಿದದ್ದು ಹಿಂದಿನ ಕೋಣೆಯಲ್ಲಿ, ಬಾಗಿಲು ಮುಂದೆ ಮಾಡಿಕೊಂಡು. ಕೆಲಸ ಮಾತ್ರ ಜೀವ ಸುರಿದು ಮಾಡಿದ. ಕಾಲರಿಗೆ ಒಳಗಿನಿಂದ ಕೈಹೊಲಿಗೆ ಹಾಕಿದ, ಗುಂಡಿ ಮನೆಗಳನ್ನು ರೇಷ್ಮೆ ದಾರದಲ್ಲಿ ಕಟ್ಟಿದ. ನಾಚಿಕೆಪಟ್ಟುಕೊಂಡೇ ಇಷ್ಟು ಚೆಂದದ ಬಟ್ಟೆ ಹೊಲಿದವನು ಆ ಕಸುಬಿನಲ್ಲಿ ಇನ್ನೊಬ್ಬ ಸಿಕ್ಕಲಾರ.

"ಹಿಂದಿನ ಬಾಗಿಲಿಂದ ಬಾ, ಮುಂದೆ ಗಿರಾಕಿಗಳ ಗಲಾಟೆ" ಅಂತ ಮಗಳಿಗೆ ಹೇಳಿದ್ದ. ಅವಳು ನಂಬಿ ಹಾಗೇ ಬಂದಳು. ಹೊಲಿದಿದ್ದ ಎರಡು ಜೊತೆಯಲ್ಲಿ ಒಂದನ್ನು ಎತ್ತಿಕೊಂಡು, ಹಾಕಿ ನೋಡಲು ಪರದೆಯ ಹಿಂದೆ ಹೋದಳು. ಇನ್ನೊಂದು ಜೊತೆಯನ್ನು ಅವನು ಮರೆತು ಮುಂದಿನ ಗೂಟಕ್ಕೆ ತಗುಲಿಹಾಕಿದ್ದ. ಅದೇ ಹೊತ್ತಿಗೆ ಮಗನ ಕೋಟು ಒಯ್ಯಲು ಬ್ಯಾಂಕಿನ ಮೇಡಂ ಒಳಗೆ ಬಂದರು. ಬಂದವರ ಕಣ್ಣು ನೆಟ್ಟಗೆ ಗೂಟಕ್ಕೇ ಹೋಯಿತು.

"ಅಬ್ಬಾ, ಎಂಥ ನಾಜೂಕು ಕೆಲಸ. ಈ ಯೂನಿಫಾರಂ ಯಾರದು?"

ಬಾಯಲ್ಲಿ ಒಂದು ಸೂಜಿಯೂ ಇರಲಿಲ್ಲ. "ಯಾರೋ ಗಿರಾಕಿ ಮಗೂದು, ಮೇಡಂ" ಅಂದ.

"ಪಾಪ. ಏನು ಮಾಡೋದು, ಎಲ್ರಿಗೂ ಗುಡ್ಡದ ಸ್ಕೂಲ್ ಆಗುತ್ತಾ? ನಿಮ್ಮ ಮಗಳು ಅದೃಷ್ಟವಂತೆ ಬಿಡಿ."

ಅಲ್ಲಿಗೆ ನಕ್ಕು ಸುಮ್ಮನಾಗಬಹುದಿತ್ತು. ಆದರೆ ಜಾರಲು ಶುರುವಾದ ನಾಲಿಗೆ ಅವನ ಹಿಡಿತಕ್ಕೆ ಸಿಗಲಿಲ್ಲ. "ಹೌದು ಮೇಡಂ. ನನಗಂತೂ ಮಗಳನ್ನ ಆ ಸರ್ಕಾರಿ ಸ್ಕೂಲಿಗೆ ಕಳ್ಸೋಕೆ ಮನಸ್ಸೇ ಬರ್ತಿರಲಿಲ್ಲ. ಹೆತ್ತೋರಿಗೆ ಮಕ್ಕಳ ಮೇಲೆ ಸ್ವಲ್ಪನಾದ್ರೂ ಕಾಳಜಿ ಬೇಡ್ವಾ?" ಅಂದುಬಿಟ್ಟ.

ಪರದೆಯ ಹಿಂದೆ ಅಷ್ಟು ಹೊತ್ತು ಬಟ್ಟೆಯ ಸದ್ದು ಬರುತ್ತಿತ್ತು. ಅದು ನಿಂತಿತು. ಮಗಳು ಒಳಗಿದ್ದಾಳೆ ಅನ್ನುವುದನ್ನು ಅವನು ಮರೆತಿರಲಿಲ್ಲ. ಆಡುವ ಕ್ಷಣದಲ್ಲಿ ಅದು ಮುಖ್ಯ ಅನ್ನಿಸಿರಲಿಲ್ಲ, ಅಷ್ಟೇ. ಯೋಚಿಸಿದರೆ ಇದೇ ಹೆಚ್ಚು ಕೆಟ್ಟದ್ದು.

ಪರದೆ ಸರಿಯಿತು. ಹಸಿರು ಸ್ಕರ್ಟು, ಬಿಳಿ ಷರ್ಟಿನಲ್ಲಿ ಮಗಳು ಹೊರಗೆ ಬಂದಳು. ಮೇಡಂ ಅವಳನ್ನು ಎಂದೂ ನೋಡಿದವರಲ್ಲ. ಅವಳು ನೇರವಾಗಿ ಕನ್ನಡಿಯ ಮುಂದೆ ಹೋಗಿ ನಿಂತು, ಕೈ ಮೇಲೆತ್ತಿ, ಇಳಿಸಿ, "ಟೈಲರ್ ಅಂಕಲ್, ತೋಳು ಸ್ವಲ್ಪ ಬಿಗಿ ಆಯ್ತು" ಅಂದಳು.

ಭೂಮಿ ಬಾಯಿಬಿಡಬಾರದೇ ಅನ್ನಿಸಿತು ಅವನಿಗೆ.

"ಓ, ಈ ಮಗೂದಾ? ಚೆನ್ನಾಗಿ ಕಾಣ್ತಿದ್ದೀಯ ಕಣಮ್ಮ. ಒಬ್ಳೇ ಬಂದ್ಯಾ?" ಅಂದರು ಮೇಡಂ. ಕೆಟ್ಟ ಹೆಂಗಸಲ್ಲ ಅವರು. ಮಕ್ಕಳನ್ನು ಕಂಡರೆ ಮಾತಾಡಿಸದೆ ಬಿಡುವವರಲ್ಲ.

"ಹೌದು ಮೇಡಂ. ಅಪ್ಪಂಗೆ ಪುರುಸೊತ್ತಿರಲಿಲ್ಲ."

ಟೈಲರ್ ಟೇಪು ಹಿಡಿದು ಅವಳ ತೋಳಿನ ಸುತ್ತ ಅಳತೆ ತೆಗೆದ. ಟೇಪಿನ ಅಂಕಿಗಳು ಕಣ್ಣಿಗೆ ಹತ್ತಲಿಲ್ಲ. ಈಗ ಹೇಳುತ್ತೇನೆ, ಇವಳು ನನ್ನ ಮಗಳು ಅಂತ ಈಗ ಹೇಳಿಬಿಡುತ್ತೇನೆ ಅಂತ ಗಂಟಲು ಸರಿಮಾಡಿಕೊಂಡ. ಮೇಡಂ ಕೋಟಿನ ಗುಂಡಿ ಎಳೆದು ನೋಡಿದರು, ಚೀಲಕ್ಕೆ ಹಾಕಿಕೊಂಡರು, "ಬರ್ತೀನಿ" ಅಂದರು, ಹೊರಟೂ ಹೋದರು. ಅವನ ಗಂಟಲು ಇನ್ನೂ ಸರಿಯಾಗುತ್ತಲೇ ಇತ್ತು.

ಮಗಳು ಅತ್ತಿದ್ದರೆ, ಕಾಲು ನೆಲಕ್ಕೆ ಬಡಿದು ಜಗಳ ತೆಗೆದಿದ್ದರೆ ಅವನು ಬದುಕಿಕೊಳ್ಳುತ್ತಿದ್ದ. ಅವಳು ಬಾಗಿಲ ಕಡೆ ಒಮ್ಮೆ ಇಣುಕಿ, ದನಿ ತಗ್ಗಿಸಿ ಕೇಳಿದಳು: "ಅವರಿಗೆ ಗೊತ್ತಾಗ್ಲಿಲ್ಲ ಅಲ್ವಾ, ಅಪ್ಪಾ? ನಾನು ಸರಿಯಾಗಿ ಮಾತಾಡಿದ್ನಾ?"

"ಹ್ಞೂಂ" ಅಂದ.

ಬಟ್ಟೆ ಬದಲಿಸಿಕೊಂಡು ಬಂದು, ಯೂನಿಫಾರಂ ಮಡಿಚಿಡುತ್ತ ಅವಳು ಅಂದಳು: "ಮೊದಲ್ನೇ ದಿನ ನೀನು ಬರೋದು ಬೇಡಪ್ಪಾ. ಅಮ್ಮ ರಜೆ ಹಾಕಿದ್ದಾಳೆ, ಅವಳು ಬರ್ತಾಳೆ. ಗುಡ್ಡಕ್ಕೆ ಹೋಗೋ ಕಾರೆಲ್ಲ ನಮ್ಮ ಸ್ಕೂಲ್ ಮುಂದೇನೇ ಹೋಗೋದು. ಯಾರಾದ್ರೂ ನೋಡಿದ್ರೆ ನಿಂಗೆ ಕಷ್ಟ." ಜ್ವರ ಬಂದವನಿಗೆ ಬಿಸಿಲಲ್ಲಿ ಹೋಗಬೇಡ ಅನ್ನುವಷ್ಟೇ ಅಕ್ಕರೆಯಿಂದ ಹೇಳಿದಳು. ಬಂದ ಹಾಗೆಯೇ ಹಿಂದಿನ ಬಾಗಿಲಿನಿಂದ ಹೊರಟುಹೋದಳು. ಈ ಸಲ ಯಾರೂ ಅವಳಿಗೆ ಹಾಗೆ ಹೇಳಿರಲಿಲ್ಲ.

ಆಮೇಲಿನ ದಿನಗಳು ಅವನಿಗೆ ಹೇಗೆ ಕಳೆದವೋ. ಅವಳು ಅಮ್ಮನಿಗೆ ಒಂದಕ್ಷರ ಹೇಳಲಿಲ್ಲ. ಅಪ್ಪನ ಜೊತೆ ಎಂದಿನಂತೆ ಮಾತಾಡಿದಳು, ನಕ್ಕಳು, ತಟ್ಟೆ ಎತ್ತಿದಳು. ಅವಳು ಗುಟ್ಟು ಕಾಪಾಡುತ್ತಿದ್ದಾಳೆ ಅನ್ನುವುದೇ ಅವನಿಗೆ ಅನ್ನ ಇಳಿಯದಂತೆ ಮಾಡಿತ್ತು. ತೋಳು ಬಿಚ್ಚಿ ಸಡಿಲ ಮಾಡಿಕೊಟ್ಟ. ತಪ್ಪಾಯಿತು ಅನ್ನುವ ಮಾತನ್ನು ಆ ಮನೆಯಲ್ಲಿ ಅಪ್ಪಂದಿರು ಮಕ್ಕಳಿಗೆ ಹೇಳಿ ರೂಢಿಯಿರಲಿಲ್ಲ. ಅವನ ಅಪ್ಪನೂ ಹೇಳಿರಲಿಲ್ಲ. ಇವನು ಹೇಳಲು ಹೋಗಿ ಹೋಗಿ, "ಸರಿಯಾಯ್ತಾ ತೋಳು?" ಅಂತ ಕೇಳಿ ವಾಪಸು ಬರುತ್ತಿದ್ದ.

ಶಾಲೆ ಶುರುವಾದ ದಿನ ಅಂಗಡಿಯ ಬಾಗಿಲು ತೆಗೆಯಲಿಲ್ಲ. ತಾಯಿ ಮಗಳು ಮುಂದೆ ಹೊರಟ ಮೇಲೆ, ಇಸ್ತ್ರಿಯ ಷರ್ಟು ಹಾಕಿಕೊಂಡು ಹಿಂದೆಯೇ ಹೊರಟ. ಗೇಟಿನಲ್ಲಿ ಅವಳ ಪಕ್ಕದಲ್ಲಿ ನಿಲ್ಲಬೇಕು, ಎಲ್ಲರೂ ನೋಡಬೇಕು, ಇಷ್ಟೇ ಅವನ ತಲೆಯಲ್ಲಿದ್ದದ್ದು. ಹೈಸ್ಕೂಲಿನ ಮುಂದೆ ಗುಡ್ಡದ ಕಡೆಯ ಕಾರುಗಳು ಒಂದರ ಹಿಂದೆ ಒಂದು ನಿಂತುಬಿಟ್ಟಿದ್ದವು. ಅವುಗಳಲ್ಲೊಂದರ ಕಿಟಕಿ ಇಳಿಯಿತು.

"ಏನು ಟೈಲರ್ರೇ, ಮಗಳು ಬಸ್ಸಲ್ಲಿ ಹೋದ್ಲಾ? ಹೇಳಿದ್ರೆ ನಾವೇ ಕರ್ಕೊಂಡು ಹೋಗ್ತಿದ್ವಲ್ಲ" ಅಂದರು ಬ್ಯಾಂಕಿನ ಮೇಡಂ. ಹಿಂದಿನ ಸೀಟಿನಲ್ಲಿ ಅವನೇ ಹೊಲಿದ ಮರೂನ್ ಕೋಟಿನೊಳಗೆ ಅವರ ಮಗ ಕೂತಿದ್ದ.

ಟೈಲರ್ ಕಿಟಕಿಯ ಹತ್ತಿರ ಹೋದ. "ಇಲ್ಲ ಮೇಡಂ. ಅಗೋ, ಅಮ್ಮನ ಕೈ ಹಿಡ್ಕೊಂಡು ಹೋಗ್ತಿದ್ದಾಳಲ್ಲ, ಅವಳು ನನ್ನ ಮಗಳು. ಇದೇ ಸ್ಕೂಲಿಗೆ ಸೇರಿಸಿದ್ದೀನಿ. ಅವತ್ತು ಅಂಗಡೀಲಿ ನೀವು ಮಾತಾಡ್ಸಿದ್ರಲ್ಲ, ಅವಳೇ. ನಾನು ನಿಮ್ಮ ಹತ್ರ ಸುಳ್ಳು ಹೇಳಿದೆ."

ಮೇಡಂ ಅತ್ತ ನೋಡಿದರು. ಇವನನ್ನು ನೋಡಿದರು. "ಅಯ್ಯೋ, ಆ ಮಗು ಎದುರಿಗೇ..." ಅಂದರು.

ಅವನಿಗೆ ಅದನ್ನು ಕೇಳುತ್ತ ನಿಲ್ಲುವಷ್ಟು ತಾಳ್ಮೆಯಿರಲಿಲ್ಲ. ಕೈ ಮೇಲೆತ್ತಿ, ಬೀದಿಗೆಲ್ಲ ಕೇಳುವ ಹಾಗೆ "ಮಗಳೇ" ಅಂತ ಕೂಗಿದ.

ಅವಳು ತಿರುಗಿದಳು. ಅಪ್ಪನನ್ನು ಕಂಡು ಅವಳ ಮುಖ ಅರಳಿತು. ಆಮೇಲೆ ಅವನ ಪಕ್ಕದ ಕಾರು ಕಂಡಿತು, ಕಿಟಕಿಯಲ್ಲಿ ಮೇಡಂ ಕಂಡರು. ಮುಖದ ಮೇಲಿನ ನಗು ಥಟ್ಟನೆ ಆರಿತು. ಯಾರೋ ಬೇರೆ ಯಾರನ್ನೋ ಕರೆದರು ಅನ್ನುವವಳ ಹಾಗೆ ಕತ್ತು ತಿರುಗಿಸಿಕೊಂಡು, ಹಿಂದೆ ನೋಡಲು ಹೊರಟ ಅಮ್ಮನ ಕೈಯನ್ನು ಜಗ್ಗಿ, ಅಪ್ಪನ ಮರ್ಯಾದೆ ಹೋಗಬಾರದು ಅಂತ, ಬೇಗ ಬೇಗ ಗೇಟಿನೊಳಗೆ ನಡೆದುಹೋದಳು.