ಹೆಸರು ಹಿಡಿದು ಕರೆದವಳು

ನಲವತ್ತು ವರ್ಷ ಸಂಸಾರ ಮಾಡಿದರೂ ನಾನು ಗಂಡನನ್ನು ಹೆಸರು ಹಿಡಿದು ಕರೆದವಳಲ್ಲ. ಹಾಗೆ ಕರೆದರೆ ಗಂಡನ ಆಯುಷ್ಯ ಸವೆಯುತ್ತದೆ ಎಂದು ಅತ್ತೆ ಹುಲಿಯಮ್ಮ ಮೊದಲ ದಿನವೇ ಹೆದರಿಸಿದ್ದರು. ನಮ್ಮ ಯಜಮಾನರಿಗೋ ಅದೊಂದೇ ಕೊರಗು.

ಕೆಳದಿಯಲ್ಲಿ ಮೇಷ್ಟರಾಗಿದ್ದ ಇವರಿಗೆ ಎಸ್ಪೆರಾಂಟೊ ಎಂಬ ಭಾಷೆಯ ಹುಚ್ಚು. ಯಾವ ದೇಶದವರೂ ತಮ್ಮದೆಂದು ಜಂಬ ಪಡಬಾರದೆಂದು ಯಾರೋ ಪುಣ್ಯಾತ್ಮ ಕೂತು ಕಟ್ಟಿದ ಭಾಷೆಯಂತೆ. ಅದರಲ್ಲಿ ಕಾಗದ ಬರೆದೂ ಬರೆದೂ ಕೊನೆಗೆ ಕಳೆದ ಅಕ್ಟೋಬರಿನಲ್ಲಿ ನನ್ನನ್ನೂ ಎಳೆದುಕೊಂಡು ಜರ್ಮನಿಯ ಹೆರ್ಟ್ಸ್‌ಬೆರ್ಗ್‌ಗೆ ಹೊರಟರು. ಬೆಟ್ಟದ ಬುಡದ ಪುಟ್ಟ ಊರು; ಬೋರ್ಡುಗಳಲ್ಲೂ ಆ ಭಾಷೆ. ಅಲ್ಲಿನ ಹೆಂಗಸರೆಲ್ಲ "ಯೋಗರಾಜ, ಯೋಗರಾಜ" ಅನ್ನುವಾಗ ಇವರ ಮುಖ ನೋಡಬೇಕಿತ್ತು. ನನಗೆ ಹೊಟ್ಟೆ ಉರಿಯಿತು, ಸುಳ್ಳೇಕೆ ಹೇಳಲಿ.

ಮರುದಿನ ಮಧ್ಯಾಹ್ನ ಇಬ್ಬರೇ ಗುಡ್ಡ ಹತ್ತಿದೆವು.

"ಇಲ್ಲಿ ನಮ್ಮೋರು ಯಾರೂ ಇಲ್ಲ. ಒಂದ್ಸಲ ಕರಿಯೇ ಕುಮುದಾ," ಅಂದರು.

"ಅರವತ್ತಕ್ಕೆ ಅರಳು ಮರಳು. ಸುಮ್ನೆ ನಡೀರಿ," ಅಂದೆ.

ಮುಖ ಊದಿಸಿಕೊಂಡು ಮುಂದೆ ಹೋದರು. ಅಷ್ಟರಲ್ಲಿ ಮಂಜು ಇಳಿದು ದಾರಿ ಮುಚ್ಚಿತು. ಆಗ ಎಡಗಡೆ ಮರಗಳ ಆಚೆಯಿಂದ ಒಂದು ಹೆಣ್ಣುದನಿ ಕರೆಯಿತು: "ಯೋಗರಾಜ."

ಅದು ನನ್ನ ದನಿ. ನಾನು ಬಾಯಿ ಮುಚ್ಚಿಕೊಂಡು ನಿಂತಿದ್ದೆ, ನನ್ನ ದನಿ ಅಲ್ಲಿಂದ ಬರುತ್ತಿತ್ತು. ಕಾಡಲ್ಲಿ ಮೂರು ಸಲ ಕರೆಯದೆ ಓಗೊಡಬಾರದು ಎಂಬುದು ನಮ್ಮ ಕಡೆ ಕೂಸಿಗೂ ಗೊತ್ತು. ಇವರು ಮೊದಲ ಕರೆಗೇ "ಓ, ಬಂದೆ" ಅಂದುಬಿಟ್ಟರು. ತರಗೆಲೆ ತುಳಿಯುವ ಸದ್ದು ಎಡಕ್ಕೆ ಹೋಯಿತು.

"ರೀ, ನಾನು ಇಲ್ಲಿದೀನಿ. ಅದು ನಾನಲ್ಲ," ಎಂದು ಕೂಗಿದೆ. ಸದ್ದು ನಿಲ್ಲಲಿಲ್ಲ. ಎದ್ದೆನೋ ಬಿದ್ದೆನೋ ಎಂದು ಓಡಿ ಸ್ವೆಟರ್ ಹಿಡಿದು ಎಳೆದೆ. ಅವರ ಕಾಲಿನಿಂದ ಒಂದು ಮೊಳದಾಚೆ ನೆಲವೇ ಇರಲಿಲ್ಲ. ಹಳೇ ಕಲ್ಲುಕ್ವಾರಿ. ಅದರ ಆಳದಿಂದ ದನಿ ಮತ್ತೊಮ್ಮೆ, ಮೆಲ್ಲಗೆ, "ಯೋಗರಾಜ" ಅಂದಿತು.

ಸ್ವೆಟರ್ ಬಿಡದೆ ಹಿಂದಕ್ಕೆ ಜಗ್ಗಿ ಕೇಳಿದೆ: "ನನ್ ಕೂಗು ಕೇಳ್ಲಿಲ್ವಾ?"

"ಕೇಳ್ತು. ಈ ಕಡೇದು ನೀನಲ್ಲ ಅಂತಾನೂ ಗೊತ್ತಿತ್ತು," ಅಂದರು. "ಆದ್ರೂ ಎಷ್ಟು ಚೆಂದ ಕರೀತು ನೋಡು."

ಆಯುಷ್ಯ ಸವೆದರೆ ಸವೆಯಲಿ ಎಂದು ಅವರ ಕೈ ಹಿಡಿದು, ಕಿವಿಯ ಹತ್ತಿರ, "ಯೋಗರಾಜ" ಅಂದೆ.

ಅವರು ಓಗೊಡಲಿಲ್ಲ. ಕ್ವಾರಿಯ ಕಡೆಗೇ ಕಿವಿಯಿಟ್ಟು ನಿಂತಿದ್ದರು.