ಎಡಗಡೆ ಬ್ಯಾಕ್ ಮಾದೇವ

ಸಿದ್ದಾಪುರದ ಮಾದೇವ ಬೆಂಗಳೂರಿನ ಕ್ಲಬ್ಬೊಂದಕ್ಕೆ ಒಂಬತ್ತು ವರ್ಷ ಸಂಬಳಕ್ಕೆ ಫುಟ್‌ಬಾಲ್ ಆಡಿದ. ಅಷ್ಟು ವರ್ಷದಲ್ಲಿ ಅವನ ಹೆಸರಿನಲ್ಲಿ ಒಂದೇ ಒಂದು ಗೋಲಿಲ್ಲ. ಎಡಗಡೆ ಬ್ಯಾಕ್ ಅವನು. ಗೋಲು ಹೊಡೆಯಲು ಬಂದವರನ್ನು ತಡೆಯುವುದೇ ಕೆಲಸ. ಮೂವತ್ತಮೂರಕ್ಕೆ ಮೊಣಕಾಲು ಕೈಕೊಟ್ಟಿತು, ಕ್ಲಬ್ಬಿನವರು ಕೈಬಿಟ್ಟರು. ಹೆಂಡತಿ ಮಮತಾಳನ್ನು ಕರೆದುಕೊಂಡು ಸಿರ್ಸಿಗೆ ಬಂದು ಟಯರ್ ಅಂಗಡಿ ಸೇರಿದ. ಭಾನುವಾರ ಸಿರ್ಸಿ ತಂಡದಲ್ಲಿ ಆಡುತ್ತಿದ್ದ. ಆ ಮೊಣಕಾಲಿನಲ್ಲೂ ಅವನನ್ನು ದಾಟುವವರು ಈ ಕಡೆ ಯಾರೂ ಇರಲಿಲ್ಲ.

ಜನವರಿಯಲ್ಲಿ ಯಲ್ಲಾಪುರದ ತಂಡದೊಂದಿಗೆ ಪಂದ್ಯ. ಅವರ ಮುಂಚೂಣಿಯ ಆಟಗಾರ ಶರಣ ಚೆಂಡು ಹಿಡಿದು ಬಾಣದ ಹಾಗೆ ನುಗ್ಗಿದ. ಮಾದೇವ ಜಾರಿ ಕಾಲು ಚಾಚಿದ. ಚೆಂಡೇನೋ ಸಿಕ್ಕಿತು, ಜೊತೆಗೇ ಶರಣನ ಕಾಲಿನ ಎಲುಬು ಮುರಿದ ಸದ್ದೂ ಕೇಳಿತು. ರೆಫ್ರಿ ಸೀಟಿ ಊದಲಿಲ್ಲ. ತಪ್ಪು ಆಗಿರಲೇ ಇಲ್ಲ.

ಅಂದಿನಿಂದ ಮಾದೇವನಿಗೆ ನಿಂತಲ್ಲಿ ನಿಲ್ಲಲಾಗದು, ಕೂತಲ್ಲಿ ಕೂರಲಾಗದು. ಊಟದ ನಡುವೆ ಎದ್ದು ಅಂಗಳ ಸುತ್ತಿ ಬರುತ್ತಿದ್ದ.

"ಎಂತ ಆಗ್ಯದೆ ನಿಮ್ಗೆ? ಹೋಗಿ ಒಂದ್ಸಲ ಅವ್ನ ಮುಖ ನೋಡ್ಕಂಡು ಬನ್ನಿ," ಎಂದಳು ಮಮತಾ.

ಯಲ್ಲಾಪುರದ ಬಸ್ಸು ಹತ್ತಿದ. ನಿಲ್ದಾಣದಲ್ಲಿ ಇಳಿದು, ಚಾ ಕುಡಿದು, ಅದೇ ಬಸ್ಸಿಗೆ ವಾಪಸ್ ಬಂದ. ಹೀಗೆ ಮೂರು ಸಲ. ಮೈದಾನದಲ್ಲೂ ಎದುರಾಳಿ ಹತ್ತಿರ ಬಂದರೆ ಅರ್ಧ ಹೆಜ್ಜೆ ಹಿಂದೆ ಸರಿಯತೊಡಗಿದ. ಸಿರ್ಸಿ ಸಾಲಾಗಿ ಎರಡು ಪಂದ್ಯ ಸೋತಿತು. ನಾಯಕ ದರ್ಶನ ಮುಖಕ್ಕೇ ಹೇಳಿದ: "ಮಾದೇವಣ್ಣ, ನೀ ದಾರಿ ಬಿಟ್ಕೊಡ್ತಾ ಇದ್ದೆ."

ನಾಲ್ಕನೆಯ ಸಲ ನಿಲ್ದಾಣದಿಂದ ಮುಂದೆ ನಡೆದೇ ಬಿಟ್ಟ.

ಬಾಗಿಲು ತೆಗೆದ ಶರಣನ ತಾಯಿ ಸಾವಿತ್ರವ್ವ ಗುರುತು ಹಿಡಿದಳು. "ಒಳಗ ಬರ್ರಿ," ಎಂದಳು. ಶರಣ ರಾಡು ಹಾಕಿದ ಕಾಲನ್ನು ಸ್ಟೂಲಿನ ಮೇಲೆ ಚಾಚಿ ಕೂತಿದ್ದ.

"ನಂದೇ ತಪ್ಪು ಮಾರಾಯ," ಎಂದ ಮಾದೇವ.

"ಚೆಂಡು ನಿಮ್ದಿತ್ತು. ನಾನ ತಡಾ ಮಾಡಿದ್ನಿ," ಎಂದ ಶರಣ. ದನಿಯಲ್ಲಿ ಸಿಟ್ಟಿತ್ತು. "ಆದ್ರ ನನ್ನ ಗೆಳ್ಯಾರು ಹೇಳಾಕತ್ತಾರ, ನೀವೀಗ ಎಲ್ಲಾರ್ನೂ ದಾಟಾಕ ಬಿಡ್ತೀರಂತ. ಖರೇ ಏನ್ರಿ?"

ಮಾದೇವ ತಲೆ ತಗ್ಗಿಸಿದ.

"ನಿಮ್ಮನ್ನ ದಾಟಬೇಕಂತ ನಾ ಎರಡು ವರ್ಷ ತಯಾರಿ ಮಾಡೀನ್ರಿ. ಈಗ ಯಾವನೋ ಬಂದು ಪುಕ್ಕಟೆ ದಾಟ್ಕೊಂಡ್ ಹೋಗೂದಾ? ನನಗ ಸಮಾಧಾನ ಹೇಳಾಕ ಬರಬ್ಯಾಡ್ರಿ. ನೆಟ್ಟಗ ಆಡ್ರಿ."

ಸಾವಿತ್ರವ್ವ ಕೊಟ್ಟ ನೀರು ಕುಡಿದು ಮಾದೇವ ಹೊರಬಿದ್ದ.

ಮುಂದಿನ ಭಾನುವಾರ ಸಿದ್ದಾಪುರದಲ್ಲಿ ಪಂದ್ಯ. ಮೊದಲ ಅರ್ಧದಲ್ಲಿ ಅವನು ಮತ್ತೆ ಅರ್ಧ ಹೆಜ್ಜೆ ಹಿಂದೆ ಸರಿದ. ಇಬ್ಬರು ದಾಟಿಯೂ ಹೋದರು. ಎರಡನೆಯ ಅರ್ಧದಲ್ಲಿ ಎತ್ತರದ ಆಟಗಾರನೊಬ್ಬ ಗೋಲಿನ ಕಡೆ ನುಗ್ಗಿದಾಗ ಮಾದೇವ ಹಲ್ಲು ಕಚ್ಚಿ ಜಾರಿದ. ಚೆಂಡು ಚಿಮ್ಮಿತು. ಆತ ಮಗುಚಿ ಬಿದ್ದ.

ಆಟ ಮುಂದುವರಿದಿತ್ತು, ದರ್ಶನ ಕೂಗುತ್ತಿದ್ದ. ಮಾದೇವ ಮಾತ್ರ ಅಲ್ಲೇ ಮಂಡಿಯೂರಿ, ಬಿದ್ದವನ ಕಾಲನ್ನೇ ನೋಡುತ್ತಿದ್ದ. ಆತ ಮೈಕೊಡವಿ ಎದ್ದು, "ಕಣ್ ಕಾಣೂದಿಲ್ಲನಾ ನಿಂಗೆ!" ಎಂದು ಬಾಯ್ತುಂಬ ಬೈದ.

ಅಷ್ಟು ಹಿತವಾದ ಬೈಗುಳವನ್ನು ಮಾದೇವ ಈವರೆಗೆ ಕೇಳಿರಲಿಲ್ಲ. ಎದ್ದು ಚೆಂಡಿನ ಹಿಂದೆ ಓಡಿದ.