ಹೊಸತಾತನ ಹಲ್ಲು

ಎದುರು ನಿಂತವನ ಎಡಗಾಲಿನ ಬೂಟಿನ ದಾರ ಬಿಚ್ಚಿದೆ, ಯಾರಾದರೂ ತುಳಿದರೆ ಮುಗ್ಗರಿಸುತ್ತಾನೆ, ಬೀಳಲಿ, ನನಗೇನು — ಬೂಟಿನ ಅಂಗಡಿಯಲ್ಲಿ ಕೆಲಸ ಮಾಡಿ ಮಾಡಿ ಮುಖಕ್ಕಿಂತ ಮೊದಲು ಕಾಲು ಕಾಣುತ್ತದೆ ನನಗೆ — ಈ ಬಸ್ಸು ಯಾಕೆ ನಿಂತಿದೆ, ಸಿಗ್ನಲ್ ಹಸಿರಾಯಿತಲ್ಲ, ಹೋಗೋ ಪುಣ್ಯಾತ್ಮ, ಹೋಗು. ತೊಡೆಯ ಮೇಲೆ ಚೀಲ, ಚೀಲದಲ್ಲಿ ಡಬ್ಬಿ, ಡಬ್ಬಿಯಲ್ಲಿ ಹೊಸತಾತನ ಹಲ್ಲು, ಬಸ್ಸು ಕುಲುಕಿದಾಗಲೆಲ್ಲ ಒಳಗೆ ಕಟಕಟ ಅನ್ನುತ್ತಿದೆ, ಚಳಿ ಹಿಡಿದವರ ಹಾಗೆ. ಮೇಲಿನ ಸಾಲು ಬಿರುಕು ಬಿಟ್ಟಿತ್ತು, ನಿನ್ನೆ ಆಸ್ಪತ್ರೆಯ ಮಂಚದ ಮೇಲೆ ಬಾಯಿಗೆ ಟವೆಲು ಅಡ್ಡ ಹಿಡಿದು ಎರಡೂ ಸಾಲು ತೆಗೆದು ನನ್ನ ಕೈಗಿಟ್ಟ, ನಾಳೆ ನಿಮ್ಮಜ್ಜಿ ನೋಡೋಕೆ ಬರ್ತಾಳೆ, ಅಷ್ಟರೊಳಗೆ ಸರಿಮಾಡಿಸ್ಕೊಂಡು ಬಾ ಪುಟ್ಟಿ, ಅವಳ ಮುಂದೆ ನನ್ನನ್ನ ಬೊಚ್ಚುಬಾಯಲ್ಲಿ ಕೂರಿಸ್ಬೇಡ, ಹಲ್ಲಿಲ್ಲದ ಬಾಯಲ್ಲಿ ಆ ಮಾತು ಹೇಗೆ ಹೊರಬಂತೆಂದರೆ ನನಗೆ ನಗು, ತಾತನಿಗೂ ನಗು, ಟವೆಲಿನ ಹಿಂದೆ. ಬೆಳಿಗ್ಗೆ ಹಲ್ಲಿನ ಡಾಕ್ಟರ ಹತ್ತಿರ ಡಬ್ಬಿ ಈಸಿಕೊಳ್ಳುತ್ತಿದ್ದೆ, ಫೋನು, ಮಾವ, ಅಜ್ಜಿಯ ಮಗ, ಹೋಗ್ಬಿಟ್ರು ಕಣೇ, ಬೆಳಗಿನ ಜಾವವೇ ಅಂತೆ, ಅಮ್ಮನಿಗೆ ಈಗಷ್ಟೇ ಹೇಳ್ದೆ, ಕಾರಲ್ಲಿ ಕರ್ಕೊಂಡು ಹೊರಡ್ತಿದೀನಿ, ನೀನು ನೇರ ಅಲ್ಲಿಗೇ ಬಂದ್ಬಿಡು. ಅವರದು ಕಾರು, ನನ್ನದು ಈ ಹಾಳು ಬಸ್ಸು. ಅಜ್ಜಿಗಿಂತ ಮೊದಲು ಆಸ್ಪತ್ರೆ ಮುಟ್ಟಬೇಕು, ಸತ್ತವನ ಬಾಯಿ ತೆರೆದು ಹಲ್ಲು ಕೂರಿಸಬೇಕು, ನನ್ನ ಕೈಯಲ್ಲಿ ಆಗುತ್ತದೆಯೇ, ಆಗಬೇಕು. ಅತ್ತರೆ ಆಮೇಲೆ ಅತ್ತೇನು.

ಹೊಸತಾತ, ಎಷ್ಟು ಹಳಬನಾದರೂ ಹೊಸತಾತನೇ. ಅಮ್ಮನ ಅಪ್ಪ ನನಗೆ ಬರೀ ಗೋಡೆಯ ಮೇಲಿನ ಫೋಟೋ, ಅಜ್ಜಿ ಕೂದಲು ನರೆತ ಮೇಲೆ ಇವನನ್ನು ಮದುವೆಯಾದಳು, ಮಲತಾಯಿಯರ ಕಥೆ ಕೇಳಿ ಕೇಳಿ ಮಲತಾತ ಇನ್ನೆಂಥ ರಾಕ್ಷಸನೋ ಎಂದು ನಾನು ಮೇಜಿನಡಿ ಸೇರಿಕೊಂಡಿದ್ದೆ, ಅಲ್ಲಿಗೆ ಕಂಡದ್ದು ಅಗಲವಾದ ಒಂದು ಜೊತೆ ಕಂದು ಬೂಟು, ಬೂಟೇ ಮಾತಾಡಿತು, ಒಳಗೆ ಯಾರಮ್ಮಾ, ಹೊಸ ತಾತ ಬಂದಿದಾನೆ, ಇಟ್ಕೋತೀಯೋ ವಾಪಸ್ ಕಳಿಸ್ತೀಯೋ, ಬಾಳಿಕೆ ಬರ್ತೀಯಾ ಅಂತ ನಾನು ಕೇಳಿದೆನಂತೆ, ಅಮ್ಮ ಅಂಗಡಿಯಲ್ಲಿ ಕೇಳುವ ಹಾಗೆ — ಬಂದೆಯಲ್ಲ ತಾತ, ಇಷ್ಟು ವರ್ಷ ಬಾಳಿಕೆ ಬಂದೆ, ಇನ್ನೊಂದು ಬೆಳಗು ತಡೆಯೋಕೆ ಆಗಲಿಲ್ಲವಾ ನಿನಗೆ. ನನ್ನ ಮುಂದಿನ ಹಲ್ಲು ಬಿದ್ದಾಗ ಶಾಲೆಯವರೆಲ್ಲ ಬೊಚ್ಚಿ ಬೊಚ್ಚಿ ಅಂತ ಅಟ್ಟಿಸಿಕೊಂಡು ಬಂದು, ನಾನು ಊಟ ಬಿಟ್ಟು ಮುಖ ಮುಚ್ಚಿ ಕೂತು, ತಾತ ನನ್ನನ್ನು ಬಚ್ಚಲಿಗೆ ಕರೆದುಕೊಂಡು ಹೋಗಿ ಚಿಲಕ ಹಾಕಿದ, ಕಣ್ಣು ಮುಚ್ಚು ಅಂದ, ತೆರಿ ಅಂದ, ತೆರೆದರೆ ಅಂಗೈಯಲ್ಲಿ ಹಲ್ಲಿನ ಸಾಲು ನಗುತ್ತಿದೆ, ಮುಖ ಸೊಟ್ಟಗಾಗಿದೆ, ಯಾರೋ ಮುದುಕ, ಎಲ್ಲಿ ಸಾಸಿವೆ ಅನ್ನು ನೋಡೋಣ, ಇಬ್ಬರೂ ಶಾಶಿವೆ ಶಾಶಿವೆ ಅಂತ ನಕ್ಕು ನಕ್ಕು ಬಕೆಟ್ಟು ಉರುಳಿಸಿದೆವು, ಆಚೆಯಿಂದ ಅಜ್ಜಿ, ಏನ್ರೀ ಅದು ಒಳಗೆ ಗಲಾಟೆ. ಗುಟ್ಟು ಬಿಟ್ಟುಕೊಟ್ಟರೆ ನಿನ್ನ ಹಲ್ಲು ಮೊಳೆಯೋದೇ ಇಲ್ಲ ನೋಡು ಎಂದ. ಹಲ್ಲಿದ್ದಾಗ ಕಡಲೆ ಇರ್ಲಿಲ್ಲ ಪುಟ್ಟಿ, ಈ ವಯಸ್ಸಲ್ಲಿ ಕಡಲೆ ಸಿಕ್ತು, ಅದಕ್ಕೇ ಹಲ್ಲು ಕೊಂಡ್ಕೊಂಡೆ. ಕಡಲೆ ಎಂದರೆ ನಮ್ಮ ಅಜ್ಜಿ. ರಾತ್ರಿ ತೆಗೆದಿಟ್ಟು ಮಲಗಿ ಅಂತ ಡಾಕ್ಟರು ಬೈದರೂ ತೆಗೆಯಲಿಲ್ಲ, ಒಸಡು ಹುಣ್ಣಾದರೂ ಇಲ್ಲ, ಅವಳು ಏಳುವ ಮೊದಲೇ ಎದ್ದು ಬಚ್ಚಲ ಚಿಲಕ. ಅದು ಕಟ್ಟಿಸಿದ ಹಲ್ಲು ಎಂದು ಅಜ್ಜಿಗೆ ಗೊತ್ತಿದ್ದೀತು, ಆದರೆ ಹಲ್ಲಿಲ್ಲದ ಆ ಮುಖ ಅವಳು ಕಂಡಿಲ್ಲ, ಒಂದು ದಿನವೂ ಕಂಡಿಲ್ಲ.

ಇಳಿದೆ, ಕಾಲಿಗೆ ಬುದ್ಧಿ ಹೇಳಿದೆ, ಲಿಫ್ಟು ಬರಲಿಲ್ಲ, ಮೆಟ್ಟಿಲು, ಕಾರಿಡಾರು, ಫಿನಾಯಿಲು, ಪರದೆ ಸರಿಸಿದರೆ ಹೊದಿಕೆಯಿಂದ ಹೊರಚಾಚಿದ ಆ ಅಗಲ ಪಾದ, ನನಗೆ ಅಷ್ಟೇ ಸಾಕು, ತಾತಾ. ಗದ್ದಕ್ಕೂ ತಲೆಗೂ ಸೇರಿಸಿ ಬಿಳಿ ಪಟ್ಟಿ ಬಿಗಿದಿದ್ದಾರೆ, ಕೆನ್ನೆ ಒಳಗೆ ಕುಸಿದಿದೆ, ತುಟಿಯೇ ಇಲ್ಲ, ಮೂಗೊಂದೇ ಎದ್ದು ನಿಂತಿದೆ. ಸಿಸ್ಟರ್, ಈ ಹಲ್ಲು ಹಾಕ್ಬೇಕು, ದಯವಿಟ್ಟು, ಪಟ್ಟಿ ಬಿಚ್ಚಿ. ಗಂಟೆಗಳಾಯ್ತಲ್ಲಮ್ಮ, ದವಡೆ ಗಟ್ಟಿಯಾಗಿದೆ, ಇನ್ನು ಬಾಯಿ ತೆಗೆಯೋಕಾಗಲ್ಲ. ಒಂದು ಸಲ ನೋಡಿ ಸಿಸ್ಟರ್. ಅವಳು ಬಿಚ್ಚಿಯೂ ನೋಡಿದಳು, ಪಾಪ, ನಾನೂ ಬೆರಳಿಟ್ಟೆ, ತಣ್ಣಗೆ, ದವಡೆ ಒಂದೆಳೆಯಷ್ಟೂ ಸಡಿಲಲಿಲ್ಲ, ಬಾಯಿ ಬಿಡು ತಾತ, ನಾನು ಪುಟ್ಟಿ, ಚಿಲಕ ಹಾಕಿದೀನಿ, ಬಾಯಿ ಬಿಡು, ಶಾಶಿವೆ ಅನ್ನು — ಕಾರಿಡಾರಿನಲ್ಲಿ ಅಳು, ಅಜ್ಜಿಯದೇ, ಮಾವನ ತೋಳಿಗೆ ಜೋತುಬಿದ್ದು ಬರುತ್ತಿದ್ದಾಳೆ, ಹೊದಿಕೆಯನ್ನು ಮೇಲೆಳೆದೆ, ತಡವಾಯಿತು, ಅವಳು ಬಾಗಿ ನೋಡಿಯೇಬಿಟ್ಟಳು. ಅಳು ನಿಂತಿತು. ಇವರಲ್ಲ. ಅಮ್ಮಾ, ಎನ್ನುತ್ತಿದ್ದಾನೆ ಮಾವ. ಇವರಲ್ಲ ಕಣೋ, ಸರಿಯಾಗಿ ನೋಡೋ, ನನಗೆ ಗೊತ್ತಾಗಲ್ವಾ, ಯಾರ ಮನೆಯವರೋ ಪಾಪ, ನಮ್ಮವರು ಬೇರೆ ವಾರ್ಡಲ್ಲಿ ಇರ್ತಾರೆ, ಆಸ್ಪತ್ರೆಯವರು ಅದಲುಬದಲು ಮಾಡಿದಾರೆ. ಕಣ್ಣೊರೆಸಿಕೊಳ್ಳುತ್ತಾಳೆ, ಮುಖಕ್ಕೆ ಬಣ್ಣ ಬರುತ್ತಿದೆ, ಆ ಮುದುಕನ ಹೊದಿಕೆಯನ್ನು ಸರಿಮಾಡುತ್ತಾಳೆ, ಪರರ ಮನೆಯವರಿಗೆ ಮಾಡುವಷ್ಟು ಮರ್ಯಾದೆಯಿಂದ. ನಡಿ, ಬೇಗ, ಅವರು ನನಗೆ ಕಾಯ್ತಿರ್ತಾರೆ. ಮಾವ ನನ್ನ ಕಡೆ ನೋಡುತ್ತಾನೆ, ನೀನಾದ್ರೂ ಹೇಳೇ. ಅಜ್ಜಿಯೂ ನೋಡುತ್ತಾಳೆ, ಹ್ಞೂ, ಹೇಳೇ ಪುಟ್ಟಿ, ಇವರು ನಿಮ್ಮ ತಾತನಾ, ಆಸೆಯ ಕಣ್ಣು, ಇಷ್ಟು ಆಸೆಯ ಕಣ್ಣು ನಾನು ಯಾರಲ್ಲೂ ಕಂಡಿಲ್ಲ, ಅದೇನೇ ಕೈಯಲ್ಲಿ, ಏನು ಡಬ್ಬಿ ಅದು, ಕೈ ಚಾಚುತ್ತಿದ್ದಾಳೆ, ಬಿಗಿಹಿಡಿದೆ, ಅವಳ ಬೆರಳು ಮುಚ್ಚಳಕ್ಕೆ ತಾಗಿದೆ, ತೆರೆದರೆ ಗುರುತು ಹಿಡಿಯುತ್ತಾಳೆ, ಒಳಗೆ ಆ ಹಲ್ಲು, ನಗುತ್ತಿರುವ ಹಲ್ಲು, ಹಲ್ಲು —